ಇಂಜಿನ್ ಕೂರುವ ಜಾಗ

ಮಾರ್ಚ್ 9, ಭಾನುವಾರ

ಕೆರಿನ್ ಮತ್ತೆ ಫೋನ್ ಮಾಡಿದ್ದಳು. ಅಡಿಲೇಡಿನಿಂದ ಮಗಳ ಫೋನ್ ಬಂದರೆ ತಾಯಿಗೆ ಖುಷಿಯಾಗಬೇಕು. ನಾನು ಈಚೆಗೆ ಫೋನ್ ಸದ್ದಾದರೆ ನಾಲ್ಕೈದು ಸಲ ಬಡಿದುಕೊಳ್ಳಲಿ ಎಂದು ಬಿಟ್ಟು ಆಮೇಲೆ ಎತ್ತುತ್ತೇನೆ.

"ಅಮ್ಮ, ಆ ಕಾರು ಇನ್ನೂ ನಿನ್ನ ಶೆಡ್ಡಲ್ಲೇ ಇದೆಯಾ?"

"ಇದೆ. ಅದಕ್ಕೇನು ಕಾಲು ಬಂದಿದ್ಯಾ, ಎದ್ದು ಹೋಗೋಕೆ?"

"ಮೇ ತಿಂಗಳ ಊರಹಬ್ಬಕ್ಕೆ ನಾನೂ ಫ್ರೇಸರೂ ಬರ್ತೀವಿ. ಅಷ್ಟರಲ್ಲಿ ಅದು ಅಲ್ಲಿರಬಾರದು. ಅವನೂ ನಿನ್ನ ಅಂಗಳದಲ್ಲಿ ಓಡಾಡ್ತಾ ಇರಬಾರದು. ಫ್ರೇಸರ್‌ಗೆ ಹೇಗನಿಸುತ್ತೆ ಯೋಚನೆ ಮಾಡು."

'ಅವನು' ಎಂದರೆ ಅವಳ ಗಂಡ. ಗಂಡನಾಗಿದ್ದವನು. ಕೊರಾಡೊ. ಹನ್ನೊಂದು ವರ್ಷ ಸಂಸಾರ ಮಾಡಿ ಕಳೆದ ನವೆಂಬರಿನಲ್ಲಿ ಕೆರಿನ್ ಅವನನ್ನು ಬಿಟ್ಟು ಫ್ರೇಸರ್ ಜೊತೆ ಹೋದಳು. ತಪ್ಪು ಯಾರದು ಎಂದು ನಾನು ಕೇಳಲಿಲ್ಲ. ಮಗಳು ನನ್ನವಳು, ಅಷ್ಟು ಸಾಕು ಅಂದುಕೊಂಡೆ.

ಕಾರು ಅವರಿಬ್ಬರದೂ. ಅರವತ್ನಾಲ್ಕನೇ ಇಸವಿಯ ಹೋಲ್ಡನ್ ಗಾಡಿ. ಗೋಧಿ ಹೊಲದ ಮೂಲೆಯಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಗಾಡಿಯನ್ನು ಇಬ್ಬರೂ ಸೇರಿ ತಂದರು. ಅವರ ಬಾಡಿಗೆ ಮನೆಗೆ ಗ್ಯಾರೇಜಿರಲಿಲ್ಲ, ಹಾಗಾಗಿ ನನ್ನ ಶೆಡ್ಡಿಗೆ ಬಂತು. ಪ್ರತಿ ಶನಿವಾರ ಇಬ್ಬರೂ ಬರುತ್ತಿದ್ದರು. ಅವಳು ಬಾಗಿಲುಗಳನ್ನು ಉಜ್ಜುತ್ತಿದ್ದಳು, ಅವನು ಗಾಡಿಯ ಅಡಿಯಲ್ಲಿ. ಆಮೇಲೆ ಅವಳು ಬರುವುದು ನಿಂತಿತು. ಅವನು ಮಾತ್ರ ಈಗಲೂ ಶನಿವಾರ ತಪ್ಪಿಸುವುದಿಲ್ಲ. ಗೇಟು ತೆಗೆದು, "ಹೇಗಿದ್ದೀರ ವರ್ನಾ?" ಎಂದು ಅರ್ಧ ನುಂಗಿ ಹೇಳಿ ಶೆಡ್ಡು ಸೇರಿಕೊಳ್ಳುತ್ತಾನೆ. ನಾನು ಅಡುಗೆಮನೆಯ ಪರದೆ ಎಳೆಯುತ್ತೇನೆ. ಅಳಿಯನಾಗಿದ್ದವನ ಜೊತೆ ಹೇಗಿರಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಇವತ್ತು ಕಪಾಟುಗಳನ್ನೆಲ್ಲ ಖಾಲಿ ಮಾಡಿ ಒರೆಸಿದೆ. ಮೊನ್ನೆಯಷ್ಟೇ ಒರೆಸಿದ್ದೆ. ಸಂಜೆ ನಮ್ಮ ವಾಲರೂ ಊರಿನ, ಕಡಲೊಳಕ್ಕೆ ಚಾಚಿದ ಕಟ್ಟೆಯ ಮೇಲೆ ತುದಿವರೆಗೆ ನಡೆಯೋಣವೆಂದು ಹೋದವಳು ನಡುವಿನಲ್ಲೇ ತಿರುಗಿ ಬಂದೆ.

ಮಾರ್ಚ್ 15, ಶನಿವಾರ

ಹೇಳಿಯೇಬಿಟ್ಟೆ. ಅವನು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ ಹಾಗೇ ಹಿಂದಿನಿಂದ ಹೋಗಿ ನಿಂತೆ.

"ಕಾರು ಹೊರಡಬೇಕು ಕಣಪ್ಪ. ಹಬ್ಬದೊಳಗೆ."

ಅವನು ಚಿಂದಿಯಲ್ಲಿ ಕೈ ಒರೆಸಿಕೊಂಡ. ಕೈಯಲ್ಲಿ ಕೊಳೆಯೇ ಇರಲಿಲ್ಲ.

"ಓಡೋ ಹಾಗಿದ್ರೆ ಇವತ್ತೇ ಒಯ್ತಿದ್ದೆ ವರ್ನಾ. ನೀವೇ ನೋಡಿ."

ಸ್ಟಾರ್ಟ್ ಮಾಡಿದ. ಗಾಡಿ ಚಳಿಜ್ವರ ಬಂದವರ ಹಾಗೆ ನಡುಗಿತು. ಕನ್ನಡಿ ಅದುರಿತು, ಬೆಂಚಿನ ಮೇಲಿದ್ದ ಮೊಳೆಯ ಡಬ್ಬ ಕುಣಿಯುತ್ತ ಅಂಚಿಗೆ ಬಂತು, ಮುಂದೆ ಎಲ್ಲೋ ಫ್ಯಾನು ತಗಡಿಗೆ ಉಜ್ಜಿ ಕಿರುಚಿತು. ಬೇಲಿಯಾಚೆಯಿಂದ ಕ್ಲೆಮ್ ಬಾಡನ್ ತಲೆ ಎತ್ತಿದ. ಎಪ್ಪತ್ತೈದಾದರೂ ಪಕ್ಕದ ಮನೆಯ ಸದ್ದು ಅವನ ಕಿವಿಗೆ ತಪ್ಪುವುದಿಲ್ಲ.

"ಏನಮ್ಮಾ ವರ್ನಾ, ಕಾಂಕ್ರೀಟ್ ಕಲಸ್ತಿದ್ದೀಯಾ? ನನ್ನ ಅಂಗಳಕ್ಕೂ ಎರಡು ಬಾಣಲೆ ಹಾಕು!"

ಕೊರಾಡೊ ಆಫ್ ಮಾಡಿದ. "ಪ್ಲಗ್ಗು ಬದಲಾಯಿಸಿದೆ, ಕಾರ್ಬುರೇಟರ್ ಬಿಚ್ಚಿ ಕಟ್ಟಿದೆ. ನಡುಕ ಮಾತ್ರ ಹೋಗಲ್ಲ."

ನಾನು ಸುಮ್ಮನೆ ಒಳಗೆ ಬರಬೇಕಿತ್ತು. ಪಕ್ಕದ ಕಡೀನಾ ಊರಿನ ಗ್ಯಾರೇಜಿನಲ್ಲಿ ಅಪ್ಪನ ಕಾಲಡಿ ಬೆಳೆದವಳು, ಅರ್ಧ ಆಯಸ್ಸು ಶಾಲೆಯ ಬಸ್ಸು ಓಡಿಸಿ ಅದರ ರಿಪೇರಿಯನ್ನೂ ಮಾಡಿಕೊಂಡವಳು. ಕಾಲು ತಾನಾಗಿ ಬಾನೆಟ್ಟಿನ ಹತ್ತಿರ ಹೋಯಿತು. ಟಾರ್ಚ್ ಹಿಡಿದು ನೋಡಿದೆ. ಇಂಜಿನ್ ಒಂದು ಪಕ್ಕಕ್ಕೆ ವಾಲಿತ್ತು, ಇರಬೇಕಾದ್ದಕ್ಕಿಂತ ಮೇಲೆದ್ದಿತ್ತು.

"ಇದರ ಮೌಂಟಿಂಗ್ ಯಾರು ಹಾಕಿದ್ದು?"

"ಬಂದಾಗಿನಿಂದ ಹಾಗೇ ಇದೆ."

ಇಂಜಿನ್ನನ್ನು ಹೊತ್ತುಕೊಂಡು ನಿಲ್ಲುವ ಆ ಎರಡು ರಬ್ಬರ್ ಕಾಲುಗಳು ಈ ಗಾಡಿಯವೇ ಅಲ್ಲ. ಬೇರೆ ಯಾವುದೋ ಹೊಸ ಗಾಡಿಯವು. ಯಾವನೋ ಪುಣ್ಯಾತ್ಮ ತೂತು ಅರದಿಂದ ಉಜ್ಜಿ ದೊಡ್ಡದು ಮಾಡಿ, ವಾಷರ್ ಮೇಲೆ ವಾಷರ್ ತುರುಕಿ, ಸಾಲದ್ದಕ್ಕೆ ವೆಲ್ಡಿಂಗನ್ನೂ ಮಾಡಿಟ್ಟಿದ್ದಾನೆ.

"ಸರಿಯಾದ ಮೌಂಟಿಂಗ್ ಹಾಕೋವರೆಗೂ ನೀನು ಏನು ಮಾಡಿದ್ರೂ ಅಷ್ಟೇ," ಎಂದು ಹೇಳಿ ಒಳಗೆ ಬಂದೆ.

ಇನ್ನು ನಾನು ಕೈಹಾಕದೆ ಆಗುವ ಕೆಲಸವಲ್ಲ. ಕಾರು ಬೇಗ ಹೊರಡಲಿ ಎಂದಷ್ಟೇ ಕೈಹಾಕುತ್ತಿದ್ದೇನೆ. ಬೇರೇನೂ ಇಲ್ಲ.

ಮಾರ್ಚ್ 18, ಮಂಗಳವಾರ

ಬಡಗಣ ಗಾಳಿ, ಧೂಳು. ಕೂತರೆ ಕೂರಲಾಗದು. ಪ್ಯಾಸ್ಟಿ ಮಾಡಿದೆ, ಹಿಟ್ಟಿನ ಹಾಳೆಯೊಳಗೆ ಆಲೂ, ಟರ್ನಿಪ್, ಮಾಂಸ ತುಂಬಿ. ಒಬ್ಬಳಿಗೆ ಅಷ್ಟೊಂದು ಯಾಕೆ ಮಾಡಿದೆನೋ.

ಮಾರ್ಚ್ 22, ಶನಿವಾರ

ಇಂಜಿನ್ ಎತ್ತಿದೆವು. ತೊಲೆಗೆ ಚೈನ್ ಪುಲ್ಲಿ ಕಟ್ಟಿ ತೂಕ ಹಿಡಿದು, ಕೆಳಗಿನಿಂದ ಜಾಕ್ ಕೊಟ್ಟೆವು. ಅವನು ಜಾಕನ್ನು ನೇರವಾಗಿ ಎಣ್ಣೆ ತೊಟ್ಟಿಯ ತಳಕ್ಕೇ ಇಡಲು ಹೊರಟಿದ್ದ.

"ಏಯ್! ಮರದ ಹಲಗೆ ಇಡು ಮಧ್ಯೆ. ತಳ ನೆಗ್ಗಿ ಹೋದ್ರೆ ಅದಕ್ಕೆ ಬೇರೆ ಅಳ್ತೀಯಾ?"

"ಬಸ್ಸಿನ ಮಕ್ಕಳಿಗೂ ಹೀಗೇ ಬೈತಿದ್ರಾ ವರ್ನಾ?"

"ಅವರು ಹೇಳಿದ ಮಾತು ಕೇಳ್ತಿದ್ರು."

ಹಳೆಯ ಮೌಂಟಿಂಗ್ ಎರಡೂ ಹೊರಗೆ ಬಂದವು. ಒಂದರ ರಬ್ಬರು ಕಬ್ಬಿಣದಿಂದ ಕಿತ್ತು ಬಾಯಿಬಿಟ್ಟಿತ್ತು. ಇನ್ನೊಂದು ಒಣ ಕಟ್ಟಿಗೆಯಷ್ಟು ಗಟ್ಟಿ. ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟರೆ ಎತ್ತರವೇ ಬೇರೆ ಬೇರೆ.

"ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಗಂಬೂಟು ಹಾಕ್ಕೊಂಡು ನಿಂತಿತ್ತಲ್ಲೋ ಪಾಪ," ಎಂದೆ.

ಅವನು ನಕ್ಕುಬಿಟ್ಟ. ನವೆಂಬರಿನಿಂದೀಚೆ ಆ ನಗು ಕೇಳಿರಲಿಲ್ಲ. ನನಗೆ ಕಸಿವಿಸಿಯಾಗಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಸುಳ್ಳು ಹೇಳಿ ಒಳಗೆ ಬಂದೆ. ಕಿಟಕಿಯಿಂದ ನೋಡಿದರೆ ಗಿಡಕ್ಕೆ ಹಾಕುವ ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದ.

ಮಾರ್ಚ್ 30, ಭಾನುವಾರ

ಅಂಚೆಯಲ್ಲಿ ತರಿಸಿದ ಹೊಸ ಮೌಂಟಿಂಗ್ ನಿನ್ನೆ ಹಾಕಿ ನೋಡಿದೆವು. ತೂತಿಗೆ ತೂತು ಕೂಡುವುದಿಲ್ಲ. ಬರೀ ರಬ್ಬರಿನ ತಪ್ಪಲ್ಲ, ಅದನ್ನು ಹಿಡಿದುಕೊಳ್ಳುವ ಕಬ್ಬಿಣದ ಬ್ರಾಕೆಟ್ಟುಗಳೂ ಬೇರೆ ಗಾಡಿಯವು. ಈ ಗಾಡಿಯದೇ ಬ್ರಾಕೆಟ್ ಬೇಕೆಂದರೆ ಗುಜರಿಗಳಲ್ಲಿ ಹುಡುಕಬೇಕು.

ಕ್ಲೆಮ್ ಬೇಲಿ ಹಿಡಿದು ನಿಂತಿದ್ದ. "ಮಗಳು ಬಿಟ್ಟೋಳನ್ನ ಅಮ್ಮ ಇಟ್ಕೊಂಡಿದ್ದಾಳೆ ಅಂತ ಕ್ಲಬ್ಬಲ್ಲಿ ಮಾತಾಡ್ಕೊತಿದ್ರು ನಿನ್ನೆ."

"ಬಿಟ್ಟೋನನ್ನ ಅನ್ನು. ನಿನ್ನ ವ್ಯಾಕರಣಕ್ಕಿಷ್ಟು. ಆ ಮಾತು ಶುರು ಮಾಡಿದ್ದೂ ನೀನೇ ಇರ್ಬೇಕು."

"ನಾನು ಬರೀ ತಲೆ ಆಡಿಸಿದೆ ಮಾರಾಯ್ತಿ."

ಸಂಜೆ ಕೆರಿನ್ ಫೋನ್ ಮಾಡಿದಳು. "ಅವನು ನಿನಗೆ ಕಾಟ ಕೊಡ್ತಿಲ್ಲ ತಾನೇ?" ಎಂದಳು. "ಅವನ ಪಾಡಿಗೆ ಅವನಿದ್ದಾನೆ," ಎಂದೆ. ಚೈನ್ ಪುಲ್ಲಿಯ ಎಣ್ಣೆ ನನ್ನ ಉಗುರಲ್ಲೇ ಇತ್ತು.

ಏಪ್ರಿಲ್ 5, ಶನಿವಾರ

ಪೋರ್ಟ್ ಪಿರಿ ದಾರಿಯ ಗುಜರಿಗೆ ಅವನ ಪಿಕಪ್ಪಿನಲ್ಲಿ ಹೋದೆವು. ನನಗೇನೂ ಹೋಗುವ ಮನಸ್ಸಿರಲಿಲ್ಲ. ಆದರೆ ಅವನೊಬ್ಬನೇ ಹೋದರೆ ಇನ್ನೊಂದು ತಪ್ಪು ಬ್ರಾಕೆಟ್ ಹೊತ್ತು ತರುತ್ತಾನೆ.

ದಾರಿಯಲ್ಲಿ ಎರಡೂ ಕಡೆ ಕೊಯ್ದ ಹೊಲ, ಆಕಾಶ ದೊಡ್ಡದು, ಮಾತು ಕಡಿಮೆ. ಅವನ ಅಪ್ಪ, ಅಜ್ಜ ಎಲ್ಲ ಪಿರಿಯ ಮೀನುಗಾರರು, ಇಟಲಿಯಿಂದ ಬಲೆ ಹೊತ್ತು ಬಂದವರು. ಇವನು ಮಾತ್ರ ದೋಣಿ ಹತ್ತಿದರೆ ವಾಂತಿ ಮಾಡುತ್ತಾನೆ, ಅದಕ್ಕೇ ನಮ್ಮೂರ ಬಂದರಿನ ಧಾನ್ಯದ ಗೋದಾಮಿನಲ್ಲಿ ಕೆಲಸ. ಇದು ನನಗೆ ಹಿಂದಿನಿಂದ ಗೊತ್ತು. ಆದರೂ ಅವನು ಹೇಳಿದಾಗ ಹೊಸದಾಗಿ ಕೇಳಿದ ಹಾಗೆ ಕೇಳಿದೆ.

ಗುಜರಿಯವನು ನಮ್ಮಿಬ್ಬರನ್ನೂ ನೋಡಿ, "ಅಮ್ಮನಿಗೂ ಮಗನಿಗೂ ಏನು ಬೇಕಿತ್ತು?" ಎಂದ.

ಕೊರಾಡೊ ನನ್ನ ಮುಖ ನೋಡಿದ.

"ನಾನು ಇವನ ಮೆಕ್ಯಾನಿಕ್ಕು," ಎಂದೆ.

ಹುಲ್ಲು ಬೆಳೆದ ಸಾಲುಗಳಲ್ಲಿ ಬಿಸಿಲಲ್ಲಿ ಹುಡುಕಿದೆವು. ಒಂದು ಗಾಡಿಯಲ್ಲಿ ಬಲಗಡೆಯದು ಸಿಕ್ಕಿತು. ಎಡಗಡೆಯದಕ್ಕೆ ಇನ್ನೊಂದು ಗಾಡಿಯ ಬಾನೆಟ್ ಎತ್ತಿದರೆ ಒಳಗೆ ಹಾವಿನ ಪೊರೆ. ನಾನು ನಾಲ್ಕು ಹೆಜ್ಜೆ ಹಿಂದೆ ಹಾರಿದೆ. ಅವನು ನನಗಿಂತ ಮೊದಲೇ ಹಾರಿ ಪಕ್ಕದ ಗಾಡಿಯ ಮೇಲೆ ನಿಂತಿದ್ದ.

"ಹೆಂಗಸರು ಮೊದಲು ಅಂತ ಕಲಿಸಿಲ್ವೇನೋ ನಿಮ್ಮನೇಲಿ?"

"ಹಾವು ಇರೋವಾಗ ಅದು ಲೆಕ್ಕಕ್ಕಿಲ್ಲ ವರ್ನಾ!"

ಕೊನೆಗೆ ಕೋಲಿನಿಂದ ಬಡಿದು, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಿಚ್ಚಿದೆವು. ತುಕ್ಕು ಹಿಡಿದಿದೆ, ಆದರೆ ನೆಟ್ಟಗಿವೆ.

ವಾಪಸು ಬರುವಾಗ ಅವನು ರಸ್ತೆ ನೋಡುತ್ತಲೇ ಕೇಳಿದ. "ಅವಳು ಹೋಗ್ತೀನಿ ಅಂದಾಗ ನಾನು ತಡೀಲಿಲ್ಲ. ತಡೀಬೇಕಿತ್ತಾ?"

"ನನ್ನನ್ನ ಕೇಳಬೇಡ. ನಾನು ಅವಳಮ್ಮ."

"ಹೌದು. ತಪ್ಪಾಯ್ತು."

ಬಾಯಲ್ಲಿ ಧೂಳಿನ ರುಚಿ ಇನ್ನೂ ಇದೆ. ಉತ್ತರ ಒಂದಾದರೂ ಕೊಡಬಹುದಿತ್ತು.

ಏಪ್ರಿಲ್ 9, ಬುಧವಾರ

ಇವತ್ತು ಅಂಗಡಿಬೀದಿಯಲ್ಲಿ ನಡೆಯುವಾಗ ಯಾಕೋ ನನ್ನ ಅತ್ತೆ ನೆನಪಾದರು. ನನ್ನ ಗಂಡ ರಾಸ್ ನನ್ನನ್ನೂ ಎರಡು ವರ್ಷದ ಕೆರಿನ್‌ಳನ್ನೂ ಬಿಟ್ಟು ಹೋದ ಮೇಲೆ ಮೊದಲ ಸಲ ಅವರು ಎದುರಾದದ್ದು ಇದೇ ಬೀದಿಯಲ್ಲಿ, ಬೇಕರಿ ಮುಂದೆ. ಆರು ವರ್ಷ ಅವರ ಕೈಯಡಿಗೆ ಉಂಡವಳು ನಾನು, ಅವರಿಂದಲೇ ಪ್ಯಾಸ್ಟಿಯ ಅಂಚು ಮಡಿಸಲು ಕಲಿತವಳು. ಅವರು ನನ್ನನ್ನು ಕಂಡು ರಸ್ತೆ ದಾಟಿ ಆಚೆ ಬದಿಗೆ ಹೋದರು. ಜಗಳವಿಲ್ಲ, ಬೈಗುಳವಿಲ್ಲ. ಸುಮ್ಮನೆ ಆಚೆ ಬದಿಗೆ.

ರಾಸ್ ಹೋದದ್ದಕ್ಕಿಂತ ಅದು ಹೆಚ್ಚು ನೋವಾಗಿತ್ತು. ಇಷ್ಟು ವರ್ಷದ ಮೇಲೆ ಇದನ್ನು ಯಾಕೆ ಬರೆಯುತ್ತಿದ್ದೇನೋ. ನಾಳೆ ವೈರ್ ಬ್ರಷ್ ತರಬೇಕು.

ಏಪ್ರಿಲ್ 12, ಶನಿವಾರ

ಇವತ್ತಿಡೀ ಉಜ್ಜುವ ಕೆಲಸ. ಮೊದಲು ಅವನು ಇಂಜಿನ್ ಕೂರುವ ಅಡ್ಡಪಟ್ಟಿಯ ಮೇಲಿನ ಹಳೆಯ ವೆಲ್ಡಿಂಗನ್ನು ಗ್ರೈಂಡರ್ ಹಿಡಿದು ತೆಗೆದ. ಕಿಡಿ ಹಾರಿ ನನ್ನ ಸ್ವೆಟರಿಗೆ ತೂತು. ಬ್ರಾಕೆಟ್ಟುಗಳ ತುಕ್ಕನ್ನು ನಾನು ತೆಗೆದೆ. ಇವತ್ತೇ ಕೂರಿಸಿಬಿಡೋಣವೆಂದರೆ ಅವನು ಕೇಳುವುದಿಲ್ಲ. ಪಟ್ಟಿ ನುಣುಪಾಗಬೇಕಂತೆ, ಪ್ರೈಮರ್ ಒಣಗಬೇಕಂತೆ, ಮೇಲೆ ಕಪ್ಪು ಬಣ್ಣ ಎರಡು ಸಲ.

"ಯಾರು ನೋಡ್ತಾರೋ ಅಡಿಗೆ ಬಗ್ಗಿ?"

"ಉಪ್ಪುಗಾಳಿ ನೋಡುತ್ತೆ ವರ್ನಾ. ಇನ್ನೆರಡು ವರ್ಷಕ್ಕೆ ತಿಂದು ಹಾಕುತ್ತೆ."

"ಆಗ ಅದು ನಿನ್ನ ಮನೇಲಿರುತ್ತೆ, ನನಗೇನು?"

ಅವನು ಉಜ್ಜುತ್ತಲೇ ಇದ್ದ. ನಾನು ಎರಡನೇ ಸಲ ಚಹಾ ತಂದಾಗ ಬ್ರಾಕೆಟ್ಟುಗಳು ತಂತಿಯಲ್ಲಿ ಒಣಗಲು ತೂಗಾಡುತ್ತಿದ್ದವು. ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆ. ಹೀಗೇ ಆದರೆ ಹಲ್ಲು ಉಳಿಯುವುದಿಲ್ಲ.

ಏಪ್ರಿಲ್ 18, ಶುಭ ಶುಕ್ರವಾರ

ರಜೆ ಎಂದು ಇವತ್ತೇ ಬಂದ, ಕಾಗದದಲ್ಲಿ ಸುತ್ತಿದ ಮೀನಿನ ಜೊತೆ. "ಹಿಡಿದದ್ದಲ್ಲ, ಕೊಂಡದ್ದು," ಎಂದು ತಾನೇ ಹೇಳಿದ. ಬೆಣ್ಣೆಯಲ್ಲಿ ಹುರಿದು ಹಿತ್ತಲ ಮೆಟ್ಟಿಲ ಮೇಲೆ ಕೂತು ತಿಂದೆವು.

ಅಷ್ಟಕ್ಕೇ ನಿಲ್ಲಬಾರದಿತ್ತೇ ದಿನ!

ಮೌಂಟಿಂಗ್ ಕೂರಿಸಲು ಶುರು ಮಾಡಿದೆವು. ನಾನು ಗಾಡಿಯಡಿ ಮಲಗಿ ಬ್ರಾಕೆಟ್ ಹಿಡಿದಿದ್ದೆ. ಬೋಲ್ಟು ಹಿಡಿಯಲೇ ಇಲ್ಲ. ತಳ್ಳಿದೆ, ತಿರುಗಿಸಿದೆ, ಸುತ್ತಿಗೆಯಿಂದ ಒಂದು ಕೊಟ್ಟೆ. ಮೇಲಿನಿಂದ ಅವನು, "ವರ್ನಾ, ಅದು ಎಡಗಡೇದು," ಎಂದ.

"ಗೊತ್ತು ನನಗೆ ಯಾವ ಕಡೇದು ಅಂತ!"

"ಗೊತ್ತಿದ್ರೆ ಬಲಗಡೆ ಯಾಕೆ ಹಾಕ್ತಿದ್ದೀರ?"

ಎಡಗಡೆಯದೇ ಆಗಿತ್ತು. ಹೊಸ ಕಪ್ಪು ಬಣ್ಣ ಸುತ್ತಿಗೆ ಏಟಿಗೆ ಕಿತ್ತು ಬಂದಿತ್ತು. ಹೊರಗೆ ಬಂದು ಸ್ಪ್ಯಾನರ್ ನೆಲಕ್ಕೆ ಬಿಸಾಡಿದೆ.

"ನಿನಗೇನು ಮುಗಿಯೋ ಆಸೆಯೇ ಇಲ್ಲ. ಒಂದು ವಾರ ಬಣ್ಣ, ಒಂದು ವಾರ ಪಾಲಿಶು. ಅವಳು ವಾಪಸ್ ಬರ್ತಾಳೆ ಅಂತ ಇಲ್ಲೇ ಕಾಯ್ತಾ ಕೂತಿದ್ದೀಯಾ? ಅವಳು ಬರಲ್ಲ! ಮುಗಿಸಿ ಹೊರಡು ಅಂತ ಅಲ್ವಾ ನಾನು ಹೇಳಿದ್ದು?"

ಅವನು ಸ್ಪ್ಯಾನರ್ ಎತ್ತಿ ಒರೆಸಿ ಅದರ ಮೊಳೆಗೆ ನೇತುಹಾಕಿದ. "ಗೊತ್ತು ವರ್ನಾ, ಬರಲ್ಲ ಅಂತ," ಎಂದು ಮೆಲ್ಲಗೆ ಹೇಳಿ ಹೊರಟುಹೋದ.

ಏಪ್ರಿಲ್ 19, ಶನಿವಾರ

ಬರಲಿಲ್ಲ.

ಬಟ್ಟಲಿಗೆ ಬಣ್ಣ ಹಾಕಿ ಏಟು ಬಿದ್ದ ಜಾಗಕ್ಕೆ ಹಚ್ಚಿದೆ. ಗೇಟಿನ ಸದ್ದಾಯಿತೆಂದು ಎರಡು ಸಲ ಹೊರಗೆ ಹೋದೆ. ಒಂದು ಸಲ ಗಾಳಿ, ಇನ್ನೊಂದು ಸಲ ಕ್ಲೆಮ್. "ಕಾಂಕ್ರೀಟ್ ಮೇಸ್ತ್ರಿ ಇವತ್ತು ರಜಾನಾ?" ಎಂದ. ಬ್ರಷ್ ತೊಳೆಯಲು ಒಳಬಂದೆ.

ಏಪ್ರಿಲ್ 20, ಈಸ್ಟರ್ ಭಾನುವಾರ

ಚರ್ಚಿಗೆ ಹೋದವಳು ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಬಂದೆ. ನನ್ನ ಕಾರನ್ನು ಮನೆಯ ಕಡೆ ತಿರುಗಿಸುವ ಬದಲು ಬಂದರಿನ ಕಡೆ ತಿರುಗಿಸಿದೆ.

ಗೋದಾಮಿನ ಹಿಂದಿನ ಬೀದಿಯಲ್ಲಿ ಅವನ ಮನೆ. ನವೆಂಬರಿನಿಂದ ನಾನು ಆ ಬೀದಿಗೇ ಹೋಗಿರಲಿಲ್ಲ. ಬಾಗಿಲು ತೆಗೆದವನು ಪಕ್ಕಕ್ಕೆ ಸರಿದು ನಿಂತ. ಒಳಗೆ ಒಂದು ಕುರ್ಚಿ. ಒಂದೇ. ಮೇಜಿದ್ದ ಜಾಗದಲ್ಲಿ ನೆಲದ ಬಣ್ಣ ಮಾತ್ರ ಬೇರೆ. ಕೆರಿನ್ ತನ್ನ ಸಾಮಾನು ಒಯ್ದ ಮೇಲೆ ಏನನ್ನೂ ತಂದಿಟ್ಟಿಲ್ಲ. ಊಟ ಎಲ್ಲಿ ಮಾಡುತ್ತೀಯ ಎಂದು ಕೇಳಿದೆ. ಸಿಂಕಿನ ಹತ್ತಿರ ನಿಂತು, ಎಂದ.

"ನನ್ನ ಮಾತು ಜಾಸ್ತಿಯಾಯ್ತು ಮೊನ್ನೆ."

"ಸುಳ್ಳೇನೂ ಹೇಳಲಿಲ್ಲ ನೀವು. ಕಾಯ್ತಾನೇ ಇದ್ದೆ. ಕ್ರಿಸ್‌ಮಸ್‌ವರೆಗೂ. ಆಮೇಲೆ ಶನಿವಾರ ಬೇರೆಲ್ಲಿ ಹೋಗೋದು ಅಂತ ಗೊತ್ತಾಗಲಿಲ್ಲ, ಅಷ್ಟೇ."

"ಬುಧವಾರ ಊಟಕ್ಕೆ ಬಾ," ಎಂದೆ. "ನನ್ನ ಮನೇಲಿ ಮೇಜಿದೆ."

ಏಪ್ರಿಲ್ 26, ಶನಿವಾರ

ಕೂತಿತು!

ಎರಡೂ ಬ್ರಾಕೆಟ್, ಎರಡೂ ರಬ್ಬರ್, ತಮ್ಮ ತಮ್ಮ ಬದಿಯಲ್ಲಿ. ಬೋಲ್ಟುಗಳನ್ನೆಲ್ಲ ಬೆರಳಲ್ಲೇ ತಿರುಗಿಸಿ ಸಡಿಲ ಬಿಟ್ಟೆವು. ಅವನಿಗೆ ಬಿಗಿ ಮಾಡುವ ಆತುರ, ಈ ಸಲ ತಡೆದದ್ದು ನಾನು. ಮೊದಲು ಇಂಜಿನ್ ತನ್ನ ತೂಕ ಪೂರ್ತಿ ಬಿಡಬೇಕು. ಪುಲ್ಲಿ ಇಳಿಸಿದೆವು, ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದೆವು. ಅದು ತಾನಾಗಿ ಸರಿದು ಒಂದು ಕಡೆ ನಿಂತಿತು. ಆಮೇಲೆ ಬಿಗಿ ಮಾಡಿದೆವು, ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ನನ್ನ ಅಂಗೈ ಸಲೀಸಾಗಿ ಹೋಯಿತು.

ಅವನು ಕೀಲಿ ತಿರುಗಿಸಿದ. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದೆ.

ಕ್ಲೆಮ್ ಬೇಲಿಯಿಂದ ಇಣುಕಿದ. "ಯಾಕೆ, ಸ್ಟಾರ್ಟ್ ಆಗ್ಲಿಲ್ವಾ?"

"ಓಡ್ತಾ ಇದೆ ಕಣಪ್ಪ!"

"ಸುಳ್ಳು!" ಎಂದು ಅವನು ಮಂಡಿನೋವನ್ನೂ ಮರೆತು ಬೇಲಿ ಸುತ್ತಿ ಬಂದ. ಕಿವಿ ಬಗ್ಗಿಸಿ ಕೇಳಿದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ, ಅಷ್ಟೇ.

ಕೊರಾಡೊ ಇಳಿದು ಬಂದು ಮಡ್‌ಗಾರ್ಡಿನ ಮೇಲೆ ಕೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಕೆರಿನ್‌ಗೆ ಹೇಳ್ಬೇಕಿತ್ತು," ಎಂದ. ಹೇಳಿದ ಮೇಲೆ ತಾನೇ ಬೆಚ್ಚಿದ ಹಾಗೆ ನನ್ನ ಕಡೆ ನೋಡಿದ.

ಅದೇ ಹೊತ್ತಿಗೆ ನನಗೂ ಅದೇ ಮಾತು ಬಾಯಿಗೆ ಬಂದಿತ್ತು.

ಮೇ 3, ಶನಿವಾರ

ಕಾರು ಈಗ ಓಡುತ್ತದೆ, ನಿಜ. ಆದರೆ ಹಿಂಬಾಗಿಲಿನ ರಬ್ಬರು ಸರಿಯಿಲ್ಲ, ಮಳೆ ಬಂದರೆ ನೀರು ಒಳಗೆ. ಸೈಲೆನ್ಸರಿನ ಪಟ್ಟಿಯೂ ಹಳೆಯದು. ಅದನ್ನೆಲ್ಲ ಮಾಡದೆ ಕಳಿಸುವುದು ಹೇಗೆ? ಅವನೇನೋ ಇವತ್ತೇ ಒಯ್ಯುತ್ತೇನೆಂದ. ಅವಸರದ ಮನುಷ್ಯ.

ಬುಧವಾರ ಕುರಿಮಾಂಸದ ಸಾರು ಮಾಡಿದ್ದೆ. ಮೂರು ಸಲ ಬಡಿಸಿಕೊಂಡ.

ಮೇ 10, ಶನಿವಾರ

ಒಯ್ದ. ಗೋದಾಮಿನವರು ಹಿತ್ತಲಲ್ಲಿ ಒಂದು ತಗಡಿನ ನೆರಳು ಕೊಟ್ಟಿದ್ದಾರಂತೆ.

ಹೊರಡುವ ಮುಂಚೆ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. "ಮುಂದಿನ ಶನಿವಾರ ಹಬ್ಬದ ಕಾರು ಮೆರವಣಿಗೆಗೆ ಹೆಸರು ಕೊಟ್ಟಿದ್ದೀನಿ. ಪಕ್ಕದ ಸೀಟು ಖಾಲಿ ಇದೆ ವರ್ನಾ. ಮೆಕ್ಯಾನಿಕ್ ಜೊತೇಲಿದ್ರೆ ಧೈರ್ಯ."

"ಕೆರಿನ್ ಬರ್ತಿದ್ದಾಳೆ. ಅವನೂ ಬರ್ತಾನೆ. ಆಗಲ್ಲ ಮಾರಾಯ."

"ಹೌದಲ್ಲ," ಎಂದ. "ಸುಮ್ಮನೆ ಕೇಳಿದೆ."

ಗೇಟು ದಾಟುವಾಗ ಸದ್ದೇ ಇರಲಿಲ್ಲ. ಶೆಡ್ಡು ಗುಡಿಸಿದೆ. ಮತ್ತೆ ಗುಡಿಸಿದೆ. ಅಲ್ಲಿ ನಿಂತು ಕೆಮ್ಮಿದರೆ ಪ್ರತಿಧ್ವನಿ ಬರುತ್ತದೆ.

ಮೇ 14, ಬುಧವಾರ

"ಕಾರು ಹೋಯ್ತಾ ಅಮ್ಮ?"

"ಹೋಯ್ತು."

"ಅಬ್ಬಾ! ಥ್ಯಾಂಕ್ಸ್ ಅಮ್ಮ. ನಿನಗೂ ಈಗ ಹಗುರಾಗಿರಬೇಕು."

ಹಗುರಾಗಬೇಕಿತ್ತು. ಈ ವಾರ ಊಟಕ್ಕೆ ಬರಬೇಡವೆಂದು ಅವನಿಗೆ ನಾನೇ ಹೇಳಿದ್ದೆ. ತಟ್ಟೆ ಮಾತ್ರ ಎರಡು ತೆಗೆದುಬಿಟ್ಟಿದ್ದೆ.

ಮೇ 17, ಶನಿವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನೆ ಬಂದರು. ಫ್ರೇಸರ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು. ಹೂ ತಂದ, ಪಾತ್ರೆ ತೊಳೆದ, ಕೆರಿನ್ ಮಾತಾಡುವಾಗ ಅವಳ ಮುಖವನ್ನೇ ನೋಡುತ್ತಾನೆ. ಅವಳು ದಪ್ಪಗಾಗಿದ್ದಾಳೆ, ಕಣ್ಣ ಕೆಳಗಿನ ಕಪ್ಪು ಹೋಗಿದೆ. ನನ್ನ ಮಗಳು ಸುಖವಾಗಿದ್ದಾಳೆ. ಅದನ್ನು ಕಣ್ಣಾರೆ ಕಂಡೆ.

ಬೆಳಿಗ್ಗೆ ಮೂವರೂ ಮುಖ್ಯಬೀದಿಯ ಅಂಚಿನಲ್ಲಿ ನಿಂತೆವು. ನನಗೆ ಮಡಚುವ ಕುರ್ಚಿ. ಬ್ಯಾಂಡು ಹೋಯಿತು, ಹಬ್ಬದ ಕಪ್ಪು ಬಿಳಿ ಬಾವುಟಗಳು ಹೋದವು, ಆಮೇಲೆ ಕಾರುಗಳು. ಎಲ್ಲ ಕಾರಲ್ಲೂ ಜನ ತುಂಬಿದ್ದರು, ಅಜ್ಜಿಯರು, ಮೊಮ್ಮಕ್ಕಳು, ನಾಯಿಗಳು. ಕೊನೆಗೆ ನಮ್ಮ ಹೋಲ್ಡನ್ ಬಂತು. ಅವನೊಬ್ಬನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

ಮುಂದೆ ಯಾವುದೋ ಗಾಡಿ ಕೆಟ್ಟು ಸಾಲು ನಿಂತಿತು. ಅವನು ನಿಂತದ್ದು ಸರಿಯಾಗಿ ನಮ್ಮೆದುರಿಗೆ. ನೇರ ನೋಡುತ್ತ ಕೂತ, ಈ ಕಡೆ ತಿರುಗಲಿಲ್ಲ. ಕೆರಿನ್ ಅಂಗಡಿಯ ಕಿಟಕಿಯ ಕಡೆ ಮುಖ ಮಾಡಿದಳು. ಸುತ್ತ ಇದ್ದವರು ಮೊದಲು ಅವನನ್ನು ನೋಡಿದರು, ಆಮೇಲೆ ನಮ್ಮನ್ನು, ಆಮೇಲೆ ತಮ್ಮ ಕಾಲನ್ನು. ಗೋದಾಮಿನಲ್ಲಿ ಅವನ ಜೊತೆ ಕೆಲಸ ಮಾಡುವವನೊಬ್ಬ ಕೈ ಎತ್ತಲು ಹೋದವನು, ಕೆರಿನ್‌ಳನ್ನು ಕಂಡು ಕೈ ಜೇಬಿಗಿಟ್ಟುಕೊಂಡ.

ಅದನ್ನು ನೋಡಿ ನಾನು ಎದ್ದೆ. ಯೋಚಿಸಿ ಎದ್ದದ್ದಲ್ಲ. ಪಾದಚಾರಿ ದಾರಿಯಿಂದ ಇಳಿದೆ, ರಸ್ತೆಗೆ ಹೋದೆ, ಬಾಗಿಲು ತೆಗೆದೆ, ಕೂತೆ.

"ಅಮ್ಮ?" ಎಂದಳು ಕೆರಿನ್ ಹಿಂದಿನಿಂದ.

ಕೊರಾಡೊ ನನ್ನನ್ನು ನೋಡಲಿಲ್ಲ. "ಬೆಲ್ಟ್ ಹಾಕ್ಕೊಳ್ಳಿ ವರ್ನಾ," ಎಂದ. ಸಾಲು ಮುಂದೆ ಸರಿಯಿತು. ಮೂಂಟಾ ಊರಿನವರೆಗೆ ಹಾಗೇ ಹೋದೆವು. ಸ್ವಲ್ಪ ದೂರ ಹೋದ ಮೇಲೆ ಜನ ಕೈಬೀಸತೊಡಗಿದರು. ಅವನೂ ಬೀಸಿದ, ನಾನೂ ಬೀಸಿದೆ.

ಮನೆಗೆ ಬಂದಾಗ ಕೆರಿನ್ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳು.

"ಊರೆಲ್ಲಾ ನೋಡ್ತು ಅಮ್ಮ. ನೀನು ಅವನ ಪಕ್ಷ ಸೇರ್ಕೊಂಡೆ."

"ಪಕ್ಷ ಅಲ್ಲ ಕೆರಿನ್. ಪಕ್ಕ ಕೂತೆ."

"ಮಾತಲ್ಲಿ ಆಟ ಆಡಬೇಡ! ನನ್ನನ್ನ ಅಲ್ಲಿ ನಿಲ್ಲಿಸಿ ಹೋದೆಯಲ್ಲ. ಫ್ರೇಸರ್ ಎದುರಿಗೆ!"

"ನಿನ್ನ ಜೊತೆ ನಿಲ್ಲೋಕೆ ಫ್ರೇಸರ್ ಇದ್ದ."

ಅವಳು ಚೀಲದ ಜಿಪ್ಪನ್ನು ಎಷ್ಟು ಜೋರಾಗಿ ಎಳೆದಳೆಂದರೆ ಅದು ಸಿಕ್ಕಿಕೊಂಡಿತು. ನಾಳೆಯವರೆಗೆ ಇರಬೇಕಾದವರು ಹೊರಟುಹೋದರು. ಫ್ರೇಸರ್ ಮಾತ್ರ ಗೇಟಿನಿಂದ ತಿರುಗಿ ಬಂದು, "ಊಟ ಚೆನ್ನಾಗಿತ್ತು," ಎಂದು ಹೇಳಿ ಹೋದ.

ನಾನು ಮಗಳನ್ನು ಕಳೆದುಕೊಂಡೆನೇನೋ.

ಮೇ 19, ಸೋಮವಾರ

ಬೆಳಿಗ್ಗೆ ಹತ್ತು ಗಂಟೆಗೆ ಗೇಟು ಸದ್ದಾಯಿತು. ಕೆರಿನ್, ಒಬ್ಬಳೇ. ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದಳು. ರಾತ್ರಿ ಪಾಳಿ ಮುಗಿಸಿ ಅಡಿಲೇಡಿನಿಂದ ನೇರ ಗಾಡಿ ಓಡಿಸಿಕೊಂಡು ಬಂದಿದ್ದಾಳೆ. ಅಡುಗೆಮನೆಯಲ್ಲಿ ಕೂತು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ನಾನು ಚಹಾ ಮಾಡಿದೆ.

"ಆ ನಡುಕ ಹೇಗೆ ಹೋಯ್ತು?" ಎಂದು ಕೇಳಿದಳು ಕೊನೆಗೆ.

ಹೇಳಿದೆ. ತಪ್ಪು ಮೌಂಟಿಂಗು, ಗುಜರಿ, ಹಾವಿನ ಪೊರೆ, ನಾನು ಎಡಗಡೆಯದನ್ನು ಬಲಗಡೆ ಹಾಕಲು ಹೋದದ್ದು. ಅವನು ಪಕ್ಕದ ಗಾಡಿಯ ಮೇಲೆ ಹಾರಿ ನಿಂತದ್ದನ್ನು ಹೇಳಿದಾಗ ಅವಳ ತುಟಿ ಸ್ವಲ್ಪ ಅಲುಗಿತು.

"ನಮಗೆ ಅದು ಹೊಳೀಲೇ ಇಲ್ಲ. ನಾನು ಕಟ್ಟಿದ ಕಾರ್ಬುರೇಟರೇ ಸರಿಯಿಲ್ಲ ಅಂದ್ಕೊಂಡಿದ್ದೆ. ಅವನು ಒಂದು ದಿನವೂ ಹಾಗನ್ನಲಿಲ್ಲ." ಕಪ್ಪನ್ನು ತಿರುಗಿಸಿದಳು. "ನಾನು ಅವನನ್ನ ಬಿಟ್ಟೆ ಅಮ್ಮ. ಅದು ತಪ್ಪು ಅಂತ ಈಗಲೂ ಅನಿಸ್ತಿಲ್ಲ. ಆದ್ರೆ ಎಲ್ಲರೂ ಅವನನ್ನ ಬಿಡಲಿ ಅಂತ ನಾನು ಕೇಳಿರಲಿಲ್ಲ."

ನಾನು ಅವಳ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದೆ.

"ಕೇಳಿದ್ದೆ, ಅಲ್ವಾ?"

"ಕೇಳಿದ್ದೆ ಕಣೇ," ಎಂದೆ.

ಆಗ ಅತ್ತಳು. ಅವನನ್ನು ಬಿಟ್ಟ ದಿನ ಅದನ್ನು ಒಣಗಣ್ಣಲ್ಲಿ ಹೇಳಿದವಳು ಈಗ ಅತ್ತಳು. ನಾನು ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಕೂತೆ.

ಹೊರಡುವಾಗ ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತಳು. "ಅವನು ಇನ್ನೂ ಇಲ್ಲಿಗೆ ಬರ್ತಾನಾ?"

"ಬುಧವಾರ ಬರ್ತಾನೆ, ಊಟಕ್ಕೆ. ನೀನು ಭಾನುವಾರ ಬಾ, ಫ್ರೇಸರ್‌ನೂ ಕರ್ಕೊಂಡು ಬಾ. ಎಲ್ಲರನ್ನೂ ಒಟ್ಟಿಗೆ ಕೂರಿಸೋವಷ್ಟು ಎದೆ ನನಗಿಲ್ಲ."

ಅವಳು ಮೂಗು ಒರೆಸಿಕೊಂಡಳು. "ಈ ಬುಧವಾರ ಏನು ಮಾಡ್ತೀಯ?"

"ಏಡಿ. ಕ್ಲೆಮ್ ಒಂದು ಬಕೆಟ್ ಕೊಡ್ತೀನಿ ಅಂದಿದ್ದಾನೆ."

"ಏಡಿನಾ? ಅವನಿಗೆ ಏಡಿ ಬಿಡಿಸೋಕೆ ಬರಲ್ಲ ಅಮ್ಮ. ಮೀನುಗಾರರ ಮನೆಯೋನಾಗಿ ಬರಲ್ಲ ಅಂತ ಹೇಳಿಕೊಳ್ಳೋಕೆ ನಾಚಿಕೆ ಅವನಿಗೆ, ಬಾಯಿಬಿಟ್ಟು ಕೇಳಲ್ಲ. ತಟ್ಟೆ ನೋಡ್ತಾ ಕೂತಿರ್ತಾನೆ. ಯಾವಾಗಲೂ ನಾನೇ ಬಿಡಿಸಿ ಕೊಡ್ತಿದ್ದೆ."

"ಇನ್ಮೇಲೆ ನಾನು ಬಿಡಿಸಿ ಕೊಡ್ತೀನಿ," ಎಂದೆ.

ಅವಳು ತಲೆಯಾಡಿಸಿದಳು. "ಕಾಲುಗಳನ್ನೂ ಬಿಡಿಸಿ ಕೊಡು," ಎಂದು ಹೇಳಿ ಕಾರು ಹತ್ತಿದಳು.